ಸ್ಥಳೀಯ ಕ್ರೀಡಾ ಬಾನುಲಿ ಕೇಂದ್ರವು ತನ್ನ ರಾಷ್ಟ್ರೀಯ ಜಾಲವನ್ನು ಬದಲಾಯಿಸಿದಾಗ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಬಾನುಲಿ ಕೇಂದ್ರ ಸ್ಥಾಪನೆಯ ಬಗ್ಗೆ ಮಾಹಿತಿ ಕೋರಿ ಬರುವ ನಾಗರಿಕರಲ್ಲಿ ಕೆಲವರು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿರುವ ವ್ಯವಸ್ಥೆಯನ್ನು ಉದಾಹರಿಸುವುದುಂಟು. ಅಲ್ಲಿ ಒಂದು ಊರಿನ ಕ್ರೀಡಾ ಕೇಂದ್ರವು ನಿನ್ನೆಯವರೆಗೆ ಒಂದು ರಾಷ್ಟ್ರೀಯ ಜಾಲದ ಕಾರ್ಯಕ್ರಮಗಳನ್ನು ಪ್ರಸಾರ ಮಾಡುತ್ತಿದ್ದು, ಇಂದು ಬೆಳಿಗ್ಗೆಯಿಂದ ಮತ್ತೊಂದು ಜಾಲದ ಹೆಸರು ಹೇಳಲು ಆರಂಭಿಸಿದೆ. ಇದಕ್ಕೆ ಅನುಮತಿ ನೀಡಿದವರು ಯಾರು ಎಂಬುದು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ. ಅಲ್ಲಿ ನೆಲೆಸಿರುವ ಮಕ್ಕಳು ಮತ್ತು ಬಂಧುಗಳಿಂದ ವಿಷಯ ತಿಳಿದವರು, ತಾವು ಕೇಳುತ್ತಿದ್ದ ಪಂದ್ಯಗಳ ವೀಕ್ಷಕ ವಿವರಣೆಯೂ ಇದರೊಂದಿಗೆ ನಿಂತುಹೋಗುವುದೇ ಎಂದೂ ಕೇಳುತ್ತಾರೆ.

ಮೊದಲನೆಯ ಪ್ರಶ್ನೆಗೆ ಉತ್ತರ: ಯಾರೂ ಅನುಮತಿ ನೀಡಿರುವುದಿಲ್ಲ, ನೀಡಬೇಕಾಗಿಯೂ ಇರುವುದಿಲ್ಲ. ಎರಡನೆಯದಕ್ಕೆ ಉತ್ತರ: ಅದು ಬೇರೊಂದು ಕರಾರನ್ನು ಅವಲಂಬಿಸಿರುತ್ತದೆ. ಈ ಎರಡು ಉತ್ತರಗಳು ಇಂದಿನ ರೂಪಕ್ಕೆ ಬರಲು ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳು ಬೇಕಾದವು. ಆ ಹಿನ್ನೆಲೆಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಸಂಯೋಜನೆ ಎಂದರೇನು?

ನಮ್ಮ ರಾಜ್ಯದಲ್ಲಿ ಕಾಲೇಜುಗಳು ವಿಶ್ವವಿದ್ಯಾಲಯದ ಸಂಯೋಜನೆ ಪಡೆಯುವುದು ಎಲ್ಲರಿಗೂ ತಿಳಿದಿರುವ ವಿಷಯ. ಕಟ್ಟಡ, ಸಿಬ್ಬಂದಿ ಮತ್ತು ಆಡಳಿತ ಮಂಡಳಿ ಕಾಲೇಜಿನವು. ಪಠ್ಯಕ್ರಮ ಮತ್ತು ಪದವಿ ವಿಶ್ವವಿದ್ಯಾಲಯದವು. ಅಮೆರಿಕದ ಬಾನುಲಿ ಕೇಂದ್ರಕ್ಕೂ ರಾಷ್ಟ್ರೀಯ ಜಾಲಕ್ಕೂ ಇರುವ ಸಂಬಂಧವು ಹೊರನೋಟಕ್ಕೆ ಇದನ್ನೇ ಹೋಲುತ್ತದೆ. ಪ್ರಸಾರ ಗೋಪುರ, ಧ್ವನಿಮುದ್ರಣ ಕೊಠಡಿ ಮತ್ತು ಸ್ಥಳೀಯ ನಿರೂಪಕರು ಕೇಂದ್ರಕ್ಕೆ ಸೇರಿದವರು. ದೂರದ ನಗರದಿಂದ ಉಪಗ್ರಹದ ಮೂಲಕ ಬರುವ ಚರ್ಚೆ, ಸಂದರ್ಶನ ಮತ್ತು ಕ್ರೀಡಾ ವಾರ್ತೆ ಜಾಲಕ್ಕೆ ಸೇರಿದವು. ಆದರೆ ಕಾಲೇಜಿನ ಸಂಯೋಜನೆಗೆ ಶಾಸನ, ಸ್ಥಳ ತನಿಖಾ ಸಮಿತಿ ಮತ್ತು ಸರ್ಕಾರದ ಆದೇಶ ಬೇಕು. ಬಾನುಲಿ ಸಂಯೋಜನೆಯಾದರೋ ಇಬ್ಬರು ವ್ಯಾಪಾರಿಗಳ ನಡುವಿನ ಕರಾರು ಮಾತ್ರ.

ಇಲ್ಲಿ ಮೂರು ಬೇರೆ ಬೇರೆ ದಾಖಲೆಗಳಿವೆ ಎಂಬುದನ್ನು ಓದುಗರು ಗಮನಿಸತಕ್ಕದ್ದು. ಮೊದಲನೆಯದು ಪರವಾನಗಿ. ಇದನ್ನು ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ (ಮುಂದೆ ಆಯೋಗ ಎಂದು ಕರೆಯಲಾಗಿದೆ) ಕೇಂದ್ರದ ಮಾಲೀಕರಿಗೆ ನೀಡುತ್ತದೆ. ಎರಡನೆಯದು ಮಾಲೀಕರು ಜಾಲದೊಡನೆ ಮಾಡಿಕೊಳ್ಳುವ ಸಂಯೋಜನೆಯ ಕರಾರು. ಮೂರನೆಯದು ಪಂದ್ಯದ ವೀಕ್ಷಕ ವಿವರಣೆಯ ಹಕ್ಕು. ಇದನ್ನು ತಂಡ ಅಥವಾ ಕ್ರೀಡಾ ಒಕ್ಕೂಟ ನೀಡುತ್ತದೆ. ಆಯೋಗವು ಪರವಾನಗಿ ನೀಡುವುದು ಕೇಂದ್ರಗಳಿಗೇ ಹೊರತು ಜಾಲಗಳಿಗಲ್ಲ. ಜನರಲ್ಲಿ ಉಂಟಾಗುವ ಗೊಂದಲಕ್ಕೆ ಬಹುಪಾಲು ಕಾರಣ ಈ ಮೂರನ್ನೂ ಒಂದೇ ಎಂದು ಭಾವಿಸುವುದು.

ಹಣಕಾಸಿನ ವ್ಯವಸ್ಥೆ

ಲೆಕ್ಕಪತ್ರ ಬಲ್ಲವರಿಗೆ ಈ ಕರಾರು ಕುತೂಹಲ ಹುಟ್ಟಿಸುವಂಥದ್ದು. ಬಹುತೇಕ ಸಂದರ್ಭಗಳಲ್ಲಿ ಇದರಲ್ಲಿ ದೊಡ್ಡ ಮೊತ್ತದ ನಗದು ಕೈಬದಲಾಗುವುದಿಲ್ಲ. ಜಾಲವು ಕಾರ್ಯಕ್ರಮ ಕೊಡುತ್ತದೆ; ಕೇಂದ್ರವು ಅದಕ್ಕೆ ಪ್ರತಿಯಾಗಿ ಪ್ರತಿ ಗಂಟೆಯಲ್ಲಿ ಇಂತಿಷ್ಟು ನಿಮಿಷಗಳ ಜಾಹೀರಾತು ಅವಧಿಯನ್ನು ಬಿಟ್ಟುಕೊಡುತ್ತದೆ. ಅಂದರೆ ಹಳೆಯ ಕಾಲದ ಸಂತೆಯಲ್ಲಿ ರಾಗಿ ಕೊಟ್ಟು ಉಪ್ಪು ಒಯ್ದಂತೆ, ಇದು ವಸ್ತುವಿನಿಮಯ. ಹೀಗೆ ನೂರಾರು ಊರುಗಳಿಂದ ಸಂಗ್ರಹವಾದ ನಿಮಿಷಗಳನ್ನು ಜಾಲವು ಒಟ್ಟುಗೂಡಿಸಿ ದೇಶವ್ಯಾಪಿ ಜಾಹೀರಾತುದಾರರಿಗೆ ಮಾರುತ್ತದೆ. ಉಳಿದ ನಿಮಿಷಗಳನ್ನು ಕೇಂದ್ರವು ತನ್ನ ಊರಿನ ವಾಹನ ಮಾರಾಟಗಾರರಿಗೆ, ಉಪಾಹಾರ ಗೃಹಗಳಿಗೆ ಮಾರಿಕೊಳ್ಳುತ್ತದೆ.

ಆದ್ದರಿಂದ ಕೇಂದ್ರದ ಮಾಲೀಕರು ಜಾಲ ಬದಲಾಯಿಸಲು ಯೋಚಿಸುವಾಗ ಮೊದಲು ಕೇಳುವ ಪ್ರಶ್ನೆ, ಹೊಸ ಜಾಲ ಎಷ್ಟು ನಿಮಿಷ ಕೇಳುತ್ತದೆ ಎಂಬುದು. ಎರಡನೆಯದು, ದಿನದ ಯಾವ ಗಂಟೆಗಳಲ್ಲಿ ತನ್ನ ಕಾರ್ಯಕ್ರಮ ಕಡ್ಡಾಯವೆಂದು ಷರತ್ತು ಹಾಕುತ್ತದೆ ಎಂಬುದು. ಮುಂಜಾನೆ ಮತ್ತು ಸಂಜೆ, ಜನರು ವಾಹನದಲ್ಲಿ ಕಚೇರಿಗೆ ಹೋಗಿಬರುವ ವೇಳೆ, ಕೇಂದ್ರಕ್ಕೆ ಅತಿ ಹೆಚ್ಚು ವರಮಾನ ತರುವ ಅವಧಿ. ಸಾಧ್ಯವಾದ ಕೇಂದ್ರಗಳು ಆ ಗಂಟೆಗಳನ್ನು ತಮ್ಮ ಊರಿನ ನಿರೂಪಕರಿಗೇ ಮೀಸಲಿಟ್ಟು, ರಾತ್ರಿ ಮತ್ತು ವಾರಾಂತ್ಯಗಳನ್ನು ಜಾಲಕ್ಕೆ ಬಿಡುತ್ತವೆ. ಸಣ್ಣ ಊರಿನ ಕೇಂದ್ರಕ್ಕೆ ಆ ಶಕ್ತಿ ಇರುವುದಿಲ್ಲ. ಅಲ್ಲಿ ದಿನದ ಬಹುಪಾಲು ಜಾಲದ್ದೇ ಧ್ವನಿ.

ಕೆಲವೊಮ್ಮೆ ಬದಲಾವಣೆಗೆ ಕೇಂದ್ರ ಕಾರಣವಾಗಿರುವುದೇ ಇಲ್ಲ, ಜಾಲವೇ ಹೆಸರು ಬದಲಿಸುತ್ತದೆ ಅಥವಾ ಮುಚ್ಚಿಹೋಗುತ್ತದೆ. 1992ರ ಜನವರಿ 1ರಂದು ಇಎಸ್‌ಪಿಎನ್ ರೇಡಿಯೊ ಆರಂಭವಾಯಿತು. 2000ದಲ್ಲಿ ಫಾಕ್ಸ್ ಸ್ಪೋರ್ಟ್ಸ್ ರೇಡಿಯೊ ಬಂದಿತು. ಒನ್ ಆನ್ ಒನ್ ಸ್ಪೋರ್ಟ್ಸ್ ಎಂಬ ಜಾಲವು 2001ರಲ್ಲಿ ಸ್ಪೋರ್ಟಿಂಗ್ ನ್ಯೂಸ್ ರೇಡಿಯೊ ಎಂದೂ, 2011ರಲ್ಲಿ ಯಾಹೂ ಸ್ಪೋರ್ಟ್ಸ್ ರೇಡಿಯೊ ಎಂದೂ, 2016ರಲ್ಲಿ ಎಸ್‌ಬಿ ನೇಷನ್ ರೇಡಿಯೊ ಎಂದೂ ಹೆಸರು ಬದಲಿಸಿಕೊಂಡಿತು. 2013ರ ಜನವರಿ 2ರಂದು ಸಿಬಿಎಸ್ ಸ್ಪೋರ್ಟ್ಸ್ ರೇಡಿಯೊ ಪೂರ್ಣಾವಧಿ ಜಾಲವಾಗಿ ಆರಂಭವಾದಾಗ ಅದೇ ಒಡೆತನದ ಕ್ರೀಡಾ ಕೇಂದ್ರಗಳು ಸಹಜವಾಗಿಯೇ ಆ ಕಡೆ ವಾಲಿದವು. ಅದೂ 2024ರ ಏಪ್ರಿಲ್‌ನಲ್ಲಿ ಇನ್ಫಿನಿಟಿ ಸ್ಪೋರ್ಟ್ಸ್ ನೆಟ್‌ವರ್ಕ್ ಎಂಬ ಹೆಸರು ಪಡೆಯಿತು. ಒಂದೇ ಕೇಂದ್ರವನ್ನು ಇಪ್ಪತ್ತು ವರ್ಷ ಕೇಳಿದ ಶ್ರೋತೃವಿಗೆ, ಕೇಂದ್ರ ಎಲ್ಲಿಗೂ ಕದಲದಿದ್ದರೂ, ನಾಲ್ಕು ಜಾಲಗಳ ಹೆಸರು ಕೇಳಿಸಿರಬಹುದು.

1939ರ ಪಂದ್ಯಾವಳಿ ಮತ್ತು 1941ರ ನಿಯಮಗಳು

ಕೇಂದ್ರಗಳು ಜಾಲವನ್ನು ಇಷ್ಟು ಸುಲಭವಾಗಿ ಬಿಡುವ ಸ್ಥಿತಿ ಮೊದಲು ಇರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಬಾನುಲಿಯಲ್ಲಿ ಎನ್‌ಬಿಸಿ ಮತ್ತು ಸಿಬಿಎಸ್ ಎಂಬ ಎರಡು ಸಂಸ್ಥೆಗಳ ಪ್ರಾಬಲ್ಯವಿದ್ದಿತು. ಅದರಲ್ಲಿಯೂ ಎನ್‌ಬಿಸಿ ರೆಡ್ ಮತ್ತು ಬ್ಲೂ ಎಂಬ ಎರಡು ಜಾಲಗಳನ್ನು ಹೊಂದಿತ್ತು. ಅವುಗಳ ಕರಾರಿನ ನಮೂನೆ ಹೀಗಿತ್ತು: ಕೇಂದ್ರವು ಐದು ವರ್ಷಗಳ ಅವಧಿಗೆ ಬದ್ಧವಾಗಿರಬೇಕು, ಜಾಲವಾದರೋ ಒಂದು ವರ್ಷದ ಸೂಚನೆ ನೀಡಿ ಹೊರಬರಬಹುದು. ಬೇರೆ ಯಾವುದೇ ಜಾಲದ ಕಾರ್ಯಕ್ರಮವನ್ನು ಕೇಂದ್ರವು ಪ್ರಸಾರ ಮಾಡುವಂತಿಲ್ಲ. ಕಚೇರಿಯಲ್ಲಿ ಟೆಂಡರು ಷರತ್ತುಗಳನ್ನು ಪರಿಶೀಲಿಸುವ ಯಾವನೇ ಗುಮಾಸ್ತನೂ ಇಂತಹ ಏಕಪಕ್ಷೀಯ ಕರಾರಿನ ಅಂಚಿನಲ್ಲಿ ಕೆಂಪು ಗೆರೆ ಎಳೆಯುತ್ತಿದ್ದನು.

ಈ ಷರತ್ತಿನ ನಿಜವಾದ ಪರಿಣಾಮ ಜನರಿಗೆ ಮುಟ್ಟಿದ್ದು ಒಂದು ಕ್ರೀಡಾ ಪಂದ್ಯಾವಳಿಯಿಂದ. 1934ರಲ್ಲಿ ಸ್ಥಾಪಿತವಾಗಿದ್ದ ಮ್ಯೂಚುವಲ್ ಎಂಬ ಜಾಲವು 1939ರಲ್ಲಿ ಬೇಸ್‌ಬಾಲ್ ಆಟದ ವರ್ಲ್ಡ್ ಸೀರೀಸ್ ಪಂದ್ಯಗಳ ಪ್ರಸಾರದ ಹಕ್ಕನ್ನು ಏಕಸ್ವಾಮ್ಯವಾಗಿ ಪಡೆಯಿತು. ಆ ವರ್ಷ ನ್ಯೂಯಾರ್ಕ್ ಯಾಂಕೀಸ್ ಮತ್ತು ಸಿನ್ಸಿನಾಟಿ ರೆಡ್ಸ್ ತಂಡಗಳು ಎದುರಾಗಿದ್ದವು. ತನ್ನದೇ ಕೇಂದ್ರವಿಲ್ಲದ ಊರುಗಳಲ್ಲಿ, ಅಲ್ಲಿದ್ದ ಎನ್‌ಬಿಸಿ ಮತ್ತು ಸಿಬಿಎಸ್ ಸಂಯೋಜಿತ ಕೇಂದ್ರಗಳಿಗೆ ಪಂದ್ಯಗಳನ್ನು ಕೊಡಲು ಮ್ಯೂಚುವಲ್ ಮುಂದಾಯಿತು. ಎನ್‌ಬಿಸಿ ಮತ್ತು ಸಿಬಿಎಸ್ ಕೂಡಲೇ ತಮ್ಮ ಕರಾರಿನ ಷರತ್ತನ್ನು ಮುಂದೊಡ್ಡಿದವು. ಪರಿಣಾಮವಾಗಿ, ಊರಿನಲ್ಲಿ ಕೇಂದ್ರವಿದ್ದೂ, ಅದನ್ನು ನಡೆಸುವವರಿಗೆ ಮನಸ್ಸಿದ್ದೂ, ಮನೆಯಲ್ಲಿ ರೇಡಿಯೊ ಪೆಟ್ಟಿಗೆ ಇದ್ದೂ, ಸಾವಿರಾರು ಜನರಿಗೆ ಆ ಪಂದ್ಯಗಳನ್ನು ಕೇಳುವ ಅವಕಾಶ ದೊರೆಯಲಿಲ್ಲ.

ಆಯೋಗವು 1941ರ ಮೇ ತಿಂಗಳಲ್ಲಿ ಹೊರಡಿಸಿದ ಜಾಲ ಪ್ರಸಾರ ಕುರಿತ ವರದಿಯಲ್ಲಿ ಈ ಸಂಗತಿಯೂ ಸೇರಿದೆ. ಆ ವರದಿಯೊಂದಿಗೆ ಬಂದ ನಿಯಮಗಳ ಪ್ರಕಾರ ಬೇರೆ ಜಾಲದ ಕಾರ್ಯಕ್ರಮವನ್ನು ನಿರ್ಬಂಧಿಸುವ ಕರಾರು ಮಾಡಿಕೊಂಡ ಕೇಂದ್ರಕ್ಕೆ ಪರವಾನಗಿ ದೊರೆಯುವಂತಿರಲಿಲ್ಲ. ಸಂಯೋಜನೆಯ ಅವಧಿಗೆ ಮಿತಿ ಬಂದಿತು. ತನ್ನ ಊರಿಗೆ ಒಪ್ಪದ ಕಾರ್ಯಕ್ರಮವನ್ನು ತಿರಸ್ಕರಿಸುವ ಹಕ್ಕು ಕೇಂದ್ರಕ್ಕೆ ಉಳಿಯಬೇಕೆಂದಾಯಿತು. ಆಯೋಗಕ್ಕೆ ಜಾಲಗಳ ಮೇಲೆ ನೇರ ಅಧಿಕಾರವಿರಲಿಲ್ಲ. ಆದ್ದರಿಂದ ತನ್ನ ಕೈಯಲ್ಲಿದ್ದ ಪರವಾನಗಿಯ ಮೂಲಕವೇ ಅದು ಕರಾರನ್ನು ತಿದ್ದಿಸಿತು. ಆಡಳಿತದ ದೃಷ್ಟಿಯಿಂದ ಇದು ಜಾಣತನದ ಕ್ರಮವೆಂದೇ ಹೇಳಬೇಕು.

ಜಾಲಗಳು ನ್ಯಾಯಾಲಯದ ಮೊರೆ ಹೋದವು. 1943ರ ಮೇ 10ರಂದು ಸರ್ವೋಚ್ಚ ನ್ಯಾಯಾಲಯವು 5–2 ಬಹುಮತದಿಂದ ನಿಯಮಗಳನ್ನು ಎತ್ತಿಹಿಡಿಯಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್. ತರಂಗಾಂತರಗಳು ಎಲ್ಲರಿಗೂ ಸಾಲುವಷ್ಟಿಲ್ಲವಾದ್ದರಿಂದ ಅವುಗಳ ಬಳಕೆಯನ್ನು ಸಾರ್ವಜನಿಕ ಹಿತದ ದೃಷ್ಟಿಯಿಂದ ನಿಯಂತ್ರಿಸಬಹುದು ಎಂಬುದು ಅದರ ತಿರುಳು. ಅದೇ ವರ್ಷ ಎನ್‌ಬಿಸಿ ತನ್ನ ಬ್ಲೂ ಜಾಲವನ್ನು ಎಡ್ವರ್ಡ್ ನೋಬಲ್ ಎಂಬ ಉದ್ಯಮಿಗೆ 80 ಲಕ್ಷ ಡಾಲರ್‌ಗಳಿಗೆ ಮಾರಿತು. ಲೈಫ್ ಸೇವರ್ಸ್ ಎಂಬ ಪೆಪ್ಪರ್‌ಮೆಂಟಿನಿಂದ ಹಣ ಗಳಿಸಿದ್ದ ನೋಬಲ್ ಅವರ ಕೈಯಲ್ಲಿ ಆ ಜಾಲವು ಎಬಿಸಿ ಆಯಿತು.

ಇಂದು ಒಂದು ಕ್ರೀಡಾ ಕೇಂದ್ರವು ಬೆಳಿಗ್ಗೆ ಒಂದು ಜಾಲದ ಕಾರ್ಯಕ್ರಮವನ್ನೂ ರಾತ್ರಿ ಮತ್ತೊಂದರದ್ದನ್ನೂ ಪ್ರಸಾರ ಮಾಡುವುದು ಸಾಮಾನ್ಯ. ಅದರ ಬೇರು ಇರುವುದು ಇಲ್ಲಿ.

ಶ್ರೋತೃಗಳ ಆಕ್ಷೇಪಣೆಗೆ ಅವಕಾಶವಿದೆಯೇ?

1977ರಲ್ಲಿ ಆಯೋಗವು ಬಾನುಲಿಗೆ ಸಂಬಂಧಿಸಿದ ಈ ಜಾಲ ನಿಯಮಗಳಲ್ಲಿ ಹೆಚ್ಚಿನವನ್ನು ಕೈಬಿಟ್ಟಿತು. ಆ ವೇಳೆಗೆ ಕೇಂದ್ರಗಳ ಸಂಖ್ಯೆ ಅನೇಕ ಪಟ್ಟು ಹೆಚ್ಚಿದ್ದು, ದೂರದರ್ಶನವು ಜಾಲಗಳ ಬಲವನ್ನು ತನ್ನತ್ತ ಎಳೆದುಕೊಂಡಿತ್ತು. ಕೇಂದ್ರ ಈಗ ಜಾಲದ ಹಿಡಿತದಿಂದ ಬಿಡುಗಡೆಯಾಗಿತ್ತು. ಆದರೆ ಕೇಂದ್ರ ತಪ್ಪು ನಿರ್ಧಾರ ಮಾಡಿದೆ ಎಂದು ಶ್ರೋತೃಗಳಿಗೆ ಅನ್ನಿಸಿದರೆ?

ಈ ಪ್ರಶ್ನೆಯನ್ನು ನಿರ್ಣಯಿಸಿದ ಪ್ರಕರಣ ಕ್ರೀಡೆಗೆ ಸೇರಿದ್ದಲ್ಲ, ಶಾಸ್ತ್ರೀಯ ಸಂಗೀತಕ್ಕೆ ಸೇರಿದ್ದು. ನ್ಯೂಯಾರ್ಕಿನ ಡಬ್ಲ್ಯೂಎನ್‌ಸಿಎನ್ ಕೇಂದ್ರವು 1974ರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ನಿಲ್ಲಿಸಿ ರಾಕ್ ಸಂಗೀತಕ್ಕೆ ತಿರುಗಿತು. ಶ್ರೋತೃಗಳು ಸಂಘ ಕಟ್ಟಿ ಹೋರಾಡಿದರು. ಮರುವರ್ಷ ಕೇಂದ್ರವು ಶಾಸ್ತ್ರೀಯಕ್ಕೆ ಮರಳಿತಾದರೂ, ಇಂತಹ ಬದಲಾವಣೆಯನ್ನು ಆಯೋಗವು ವಿಚಾರಣೆಗೆ ಒಳಪಡಿಸಬೇಕೇ ಎಂಬ ಕಾನೂನಿನ ಪ್ರಶ್ನೆ ಬೆಳೆಯುತ್ತಾ ಹೋಯಿತು. 1981ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು 7–2 ಬಹುಮತದಿಂದ ಆಯೋಗದ ನಿಲುವನ್ನು ಒಪ್ಪಿತು. ಯಾವ ಬಗೆಯ ಕಾರ್ಯಕ್ರಮ ಬೇಕೆಂಬುದನ್ನು ಮಾರುಕಟ್ಟೆಗೆ ಬಿಡಬಹುದು. ಆಯೋಗವು ಅದರಲ್ಲಿ ತಲೆಹಾಕಬೇಕಾಗಿಲ್ಲ. ಅದೇ ಕೇಂದ್ರವು 1993ರ ಡಿಸೆಂಬರ್‌ನಲ್ಲಿ ಮತ್ತೆ ರಾಕ್ ಸಂಗೀತಕ್ಕೆ ಹೋಯಿತು. ಈ ಬಾರಿ ತಡೆಯಲು ಕಾನೂನಿನ ದಾರಿ ಉಳಿದಿರಲಿಲ್ಲ.

ಸಂಗೀತದ ಬಗೆ ಬದಲಾದರೇ ಆಯೋಗ ಕೇಳುವುದಿಲ್ಲವೆಂದ ಮೇಲೆ, ಕ್ರೀಡಾ ಕೇಂದ್ರವು ಕ್ರೀಡಾ ಕೇಂದ್ರವಾಗಿಯೇ ಉಳಿದು ಜಾಲವನ್ನಷ್ಟೇ ಬದಲಿಸಿದರೆ ಕೇಳುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಮುಂಚಿತ ಪ್ರಕಟಣೆ ನೀಡಬೇಕೆಂಬ ನಿಯಮವೂ ಇಲ್ಲ. ನಮ್ಮಲ್ಲಿ ಒಂದು ಬಸ್ಸಿನ ವೇಳಾಪಟ್ಟಿ ಬದಲಾದರೂ ನಿಲ್ದಾಣದ ಫಲಕಕ್ಕೆ ಚೀಟಿ ಅಂಟಿಸುತ್ತೇವೆ. ಶ್ರೋತೃವಿಗೆ ಅಷ್ಟು ಮರ್ಯಾದೆಯಾದರೂ ಸಲ್ಲಬೇಕಿತ್ತು ಎಂಬುದು ಈ ಟಿಪ್ಪಣಿ ಬರೆದವರ ವೈಯಕ್ತಿಕ ಅಭಿಪ್ರಾಯ.

ನ್ಯೂಯಾರ್ಕ್ ನಗರದ ಉದಾಹರಣೆ

ಪರವಾನಗಿ, ಸಂಯೋಜನೆ ಮತ್ತು ಪಂದ್ಯದ ಹಕ್ಕು ಹೇಗೆ ಬೇರೆ ಬೇರೆಯಾಗಿ ಚಲಿಸುತ್ತವೆ ಎಂಬುದಕ್ಕೆ 2024ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಬದಲಾವಣೆ ಸ್ಪಷ್ಟ ನಿದರ್ಶನವಾಗಿದೆ.

ದಿನವಿಡೀ ಕ್ರೀಡೆಯನ್ನೇ ಮಾತನಾಡುವ ಕೇಂದ್ರವೆಂಬ ಕಲ್ಪನೆ ಬೇರೂರಿದ್ದೇ ಈ ನಗರದಲ್ಲಿ. 1987ರ ಜುಲೈ 1ರಂದು 1050 ಕಿಲೋಹರ್ಟ್ಸ್‌ನಲ್ಲಿ ಡಬ್ಲ್ಯೂಎಫ್‌ಎಎನ್ ಆರಂಭವಾಯಿತು. 1988ರ ಅಕ್ಟೋಬರ್ 7ರಂದು ಅದು ಎನ್‌ಬಿಸಿಯ ಹಳೆಯ ಕೇಂದ್ರವಿದ್ದ 660 ಕಿಲೋಹರ್ಟ್ಸ್‌ಗೆ ಸ್ಥಳಾಂತರಗೊಂಡಿತು. ಇದಕ್ಕೆ ಪ್ರತಿಸ್ಪರ್ಧಿಯಾಗಿ ಬಂದ ಇಎಸ್‌ಪಿಎನ್, 2012ರ ಏಪ್ರಿಲ್ 30ರಿಂದ 98.7 ಎಫ್‌ಎಂ ತರಂಗಾಂತರವನ್ನು ಎಮಿಸ್ ಕಂಪನಿಯಿಂದ ಗುತ್ತಿಗೆಗೆ ಪಡೆದು ಕ್ರೀಡಾ ಪ್ರಸಾರ ನಡೆಸಿತು. ಗುತ್ತಿಗೆಯ ಅವಧಿ 2024ರ ಆಗಸ್ಟ್ 31ಕ್ಕೆ ಮುಗಿಯುವುದಿತ್ತು, ಅದನ್ನು ಮುಂದುವರಿಸಲಿಲ್ಲ.

ಅದೇ ನಗರದಲ್ಲಿ 880 ಕಿಲೋಹರ್ಟ್ಸ್‌ನಲ್ಲಿ ಡಬ್ಲ್ಯೂಸಿಬಿಎಸ್ ಎಂಬ ವಾರ್ತಾ ಕೇಂದ್ರವಿತ್ತು. 50,000 ವ್ಯಾಟ್ ಶಕ್ತಿಯ ಈ ಕೇಂದ್ರವು 1967ರ ಆಗಸ್ಟ್‌ನಿಂದ ಸುದ್ದಿಯನ್ನೇ ಪ್ರಸಾರ ಮಾಡುತ್ತಿತ್ತು. 2019ರಿಂದ ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ ಪಂದ್ಯಗಳ ವಿವರಣೆಯೂ ಇದರಲ್ಲಿಯೇ ಬರುತ್ತಿತ್ತು. ಕೇಂದ್ರದ ಮಾಲೀಕರಾದ ಆಡಸಿ ಕಂಪನಿಯು 2024ರ ಆಗಸ್ಟ್ 12ರಂದು ಒಂದು ಪ್ರಕಟಣೆ ಹೊರಡಿಸಿತು. ಆಗಸ್ಟ್ 26ರಿಂದ ವಾರ್ತಾ ಪ್ರಸಾರ ನಿಲ್ಲುವುದು. 880ರ ಪ್ರಸಾರ ಅವಧಿಯನ್ನು ಗುಡ್ ಕರ್ಮ ಬ್ರ್ಯಾಂಡ್ಸ್ ಎಂಬ ಸಂಸ್ಥೆಯು ನಿರ್ವಹಿಸುವುದು. ಅದು ಇಎಸ್‌ಪಿಎನ್ ನ್ಯೂಯಾರ್ಕ್ ಹೆಸರಿನಲ್ಲಿ ಕ್ರೀಡಾ ಕಾರ್ಯಕ್ರಮ ನೀಡುವುದು. ಸುಮಾರು 57 ವರ್ಷಗಳ ವಾರ್ತಾ ಪರಂಪರೆಗೆ ದೊರೆತ ಕಾಲಾವಕಾಶ ಎರಡು ವಾರ. ಕೇಂದ್ರದ ಕರೆ ಅಕ್ಷರಗಳು ಡಬ್ಲ್ಯೂಎಚ್‌ಎಸ್‌ಕ್ಯೂ ಎಂದಾದವು.

ಈಗ ಮೂರು ದಾಖಲೆಗಳ ಲೆಕ್ಕ ತೆಗೆಯೋಣ. ಆಗಸ್ಟ್ 26ರಂದು 880ರ ಪರವಾನಗಿ ಆಡಸಿಯ ಬಳಿಯೇ ಉಳಿಯಿತು. ಅಲ್ಲಿ ಏನೂ ಬದಲಾಗಲಿಲ್ಲ. ಜಾಲದ ಸಂಬಂಧ ಪೂರ್ತಿ ಬದಲಾಯಿತು. ಸಿಬಿಎಸ್ ವಾರ್ತೆ ಹೋಗಿ ಇಎಸ್‌ಪಿಎನ್ ಬಂದಿತು. ಮೆಟ್ಸ್ ಪಂದ್ಯಗಳ ವಿವರಣೆ ಮಾತ್ರ ಅದೇ 880ರಲ್ಲಿ ಮುಂದುವರಿಯಿತು. ಅಂದರೆ ಸಂಜೆ ಮೆಟ್ಸ್ ಪಂದ್ಯಕ್ಕಾಗಿ ಮಾತ್ರ ಆ ಕೇಂದ್ರ ಹಚ್ಚುತ್ತಿದ್ದವರಿಗೆ ಪಂದ್ಯ ತಪ್ಪಲಿಲ್ಲ. ಬೆಳಿಗ್ಗೆ ರಸ್ತೆ ಸಂಚಾರ ಮತ್ತು ಹವಾಮಾನದ ವರದಿಗಾಗಿ ಹಚ್ಚುತ್ತಿದ್ದವರಿಗೆ ಕೇಂದ್ರವೇ ಇಲ್ಲವಾಯಿತು. ಅವರು ಅದೇ ಕಂಪನಿಯ ಮತ್ತೊಂದು ವಾರ್ತಾ ಕೇಂದ್ರವಾದ 1010 ವಿನ್ಸ್‌ಗೆ ಹೋಗಬೇಕಾಯಿತು. ಇನ್ನು ಕ್ರೀಡಾ ಚರ್ಚೆಯ ಶ್ರೋತೃಗಳು ಎಫ್‌ಎಂ ಬಿಟ್ಟು ಮಧ್ಯಮ ತರಂಗಕ್ಕೆ ಬಂದರು. ಮಧ್ಯಮ ತರಂಗವು ರಾತ್ರಿ ವೇಳೆ ನೂರಾರು ಮೈಲಿ ತಲುಪುತ್ತದೆ. ಆದರೆ ದೊಡ್ಡ ಕಟ್ಟಡಗಳ ಒಳಗೆ ಅದರಲ್ಲಿ ಕರಕರ ಸದ್ದು ಹೆಚ್ಚು, ಎಫ್‌ಎಂನ ಸ್ವಚ್ಛ ಧ್ವನಿ ಅದಕ್ಕಿಲ್ಲ. ನಮ್ಮ ಮನೆಗಳಲ್ಲಿ ರಣಜಿ ಪಂದ್ಯದ ಕನ್ನಡ ವೀಕ್ಷಕ ವಿವರಣೆ ಕೇಳಲು ಟ್ರಾನ್ಸಿಸ್ಟರನ್ನು ಕಿಟಕಿಯ ಪಕ್ಕಕ್ಕೆ ತಿರುಗಿಸಿ ಇಡುತ್ತಿದ್ದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಮಾನ್ಯ ಸಂಯೋಜನೆಗೂ ಇಂತಹ ಪ್ರಸಾರ ಅವಧಿಯ ಗುತ್ತಿಗೆಗೂ ಒಂದು ವ್ಯತ್ಯಾಸವಿದೆ. ಸಂಯೋಜನೆಯಲ್ಲಿ ಕೇಂದ್ರವನ್ನು ಮಾಲೀಕರೇ ನಡೆಸುತ್ತಾರೆ, ಜಾಲವು ಸರಕು ಒದಗಿಸುತ್ತದೆ. ಗುತ್ತಿಗೆಯಲ್ಲಿ ದಿನದ ಕಾರ್ಯಕ್ರಮ ಮತ್ತು ಜಾಹೀರಾತು ಎರಡನ್ನೂ ಹೊರಗಿನವರು ನಿರ್ವಹಿಸುತ್ತಾರೆ. ಆದಾಗ್ಯೂ ಪ್ರಸಾರವಾದುದಕ್ಕೆ ಆಯೋಗದ ಮುಂದೆ ಉತ್ತರದಾಯಿ ಪರವಾನಗಿದಾರರೇ. ಗದ್ದೆಯನ್ನು ಗುತ್ತಿಗೆಗೆ ಕೊಟ್ಟರೂ ಪಹಣಿಯಲ್ಲಿ ಮಾಲೀಕರ ಹೆಸರೇ ಇರುವಂತೆ ಇದನ್ನು ತಿಳಿಯಬಹುದು.

ಕಾಣದ ನಷ್ಟ

ಜಾಲ ಬದಲಾದಾಗ ಪತ್ರಿಕೆಗಳಲ್ಲಿ ಬರುವುದು ಪ್ರಸಿದ್ಧ ನಿರೂಪಕರ ಹೆಸರುಗಳು. ಆದರೆ ಊರಿಗೆ ನಿಜವಾಗಿ ತಟ್ಟುವುದು ಬೇರೆ. ಸ್ಥಳೀಯ ಪ್ರೌಢಶಾಲೆಗಳ ಶುಕ್ರವಾರ ರಾತ್ರಿಯ ಫುಟ್‌ಬಾಲ್ ಪಂದ್ಯವನ್ನು ಯಾವ ರಾಷ್ಟ್ರೀಯ ಜಾಲವೂ ವಿವರಿಸುವುದಿಲ್ಲ. ಅದಕ್ಕೆ ಊರಿನ ಕೇಂದ್ರವೇ ಬೇಕು, ಆಟಗಾರ ಯಾರ ಮನೆಯ ಹುಡುಗ ಎಂದು ಬಲ್ಲ ವಿವರಣೆಗಾರರೇ ಬೇಕು. ಹೊಸ ಕರಾರಿನಲ್ಲಿ ಜಾಲದ ಗಂಟೆಗಳು ಹೆಚ್ಚಾದರೆ ಮೊದಲು ಕತ್ತರಿ ಬೀಳುವುದು ಇಂತಹ ಅವಧಿಗೆ ಮತ್ತು ಅದನ್ನು ನಡೆಸುವ ಸಿಬ್ಬಂದಿಯ ವೇತನಕ್ಕೆ. ಲೆಕ್ಕಪುಸ್ತಕದಲ್ಲಿ ಇದು ಉಳಿತಾಯವೆಂದು ದಾಖಲಾಗುತ್ತದೆ.

2017ರಲ್ಲಿ ಆಯೋಗವು, ಪ್ರತಿ ಕೇಂದ್ರವೂ ತನ್ನ ಊರಿನಲ್ಲಿ ಅಥವಾ ಸಮೀಪದಲ್ಲಿ ಪ್ರಧಾನ ಸ್ಟುಡಿಯೊ ಹೊಂದಿರಬೇಕೆಂಬ ಹಳೆಯ ನಿಯಮವನ್ನು ರದ್ದುಪಡಿಸಿತು. 2018ರ ಜನವರಿಯಿಂದ ಇದು ಜಾರಿಗೆ ಬಂದಿತು. ಅಂದಿನಿಂದ ಊರಿನ ಕೇಂದ್ರವೊಂದು ಊರಿನಲ್ಲಿ ಒಬ್ಬ ನಿರೂಪಕನೂ ಇಲ್ಲದೆ ನಡೆಯಲು ಕಾನೂನಿನ ಅಡ್ಡಿ ಇಲ್ಲ. ಪ್ರತಿ ಗಂಟೆಯ ಆರಂಭದಲ್ಲಿ ಕರೆ ಅಕ್ಷರಗಳನ್ನೂ ಪರವಾನಗಿಯ ಊರಿನ ಹೆಸರನ್ನೂ ಹೇಳಬೇಕೆಂಬ ನಿಯಮ ಮಾತ್ರ ಉಳಿದಿತ್ತು. ಅದನ್ನು ಯಂತ್ರವೂ ಹೇಳಬಲ್ಲದು.

ಶ್ರೋತೃಗಳು ಪರಿಶೀಲಿಸಬಹುದಾದ ದಾಖಲೆಗಳು

ಅಮೆರಿಕದಲ್ಲಿ ವಾಸಿಸುವ ಕನ್ನಡಿಗರು ತಾವು ಕೇಳುವ ಕೇಂದ್ರವು ಜಾಲ ಬದಲಿಸಿದೆ ಎಂದು ತಿಳಿದಾಗ ಮೊದಲು ತಮ್ಮ ಮೆಚ್ಚಿನ ತಂಡದ ಅಧಿಕೃತ ವೇಳಾಪಟ್ಟಿಯನ್ನು ನೋಡುವುದು ಸೂಕ್ತ. ಯಾವ ಕೇಂದ್ರದಲ್ಲಿ ವೀಕ್ಷಕ ವಿವರಣೆ ಬರುವುದೆಂದು ತಂಡವೇ ಪ್ರಕಟಿಸುತ್ತದೆ. ತರಂಗದ ಮೇಲೆ ಬರುವ ಪಂದ್ಯ ಕೇಂದ್ರದ ಅಂತರಜಾಲ ಪ್ರಸಾರದಲ್ಲಿ ಬರದೆ ಇರುವುದೂ ಉಂಟು. ಅಂತರಜಾಲದ ಹಕ್ಕನ್ನು ಕ್ರೀಡಾ ಒಕ್ಕೂಟಗಳು ಅನೇಕ ಬಾರಿ ಪ್ರತ್ಯೇಕವಾಗಿ ಇಟ್ಟುಕೊಂಡಿರುತ್ತವೆ. ಬೆಂಗಳೂರಿನಲ್ಲಿ ಕುಳಿತು ಕೇಳಲು ಯತ್ನಿಸಿ, ಪಂದ್ಯದ ಹೊತ್ತಿಗೆ ಬೇರೆ ಕಾರ್ಯಕ್ರಮ ಬಂದಿತೆಂದು ದೂರುವವರಿಗೆ ಇದೇ ಕಾರಣವಿರಬಹುದು.

ಎರಡನೆಯದಾಗಿ, ಪ್ರತಿ ಕೇಂದ್ರಕ್ಕೂ ಸಾರ್ವಜನಿಕ ತಪಾಸಣಾ ಕಡತವೊಂದಿರುತ್ತದೆ. ಮೊದಲು ಇದನ್ನು ಕೇಂದ್ರದ ಕಚೇರಿಗೆ ಹೋಗಿ ನೋಡಬೇಕಿತ್ತು. 2018ರ ಮಾರ್ಚ್ 1ರ ವೇಳೆಗೆ ಎಲ್ಲ ಬಾನುಲಿ ಕೇಂದ್ರಗಳ ಕಡತಗಳನ್ನೂ ಆಯೋಗದ ಜಾಲತಾಣಕ್ಕೆ ಸೇರಿಸಬೇಕೆಂದು ಗಡುವು ವಿಧಿಸಲಾಯಿತು. ಮಾಲೀಕತ್ವದ ವಿವರ, ಪ್ರಸಾರ ಅವಧಿಯನ್ನು ಗುತ್ತಿಗೆಗೆ ನೀಡಿದ್ದರೆ ಅದರ ಪ್ರತಿ, ಹಾಗೂ ಊರಿನ ಸಮಸ್ಯೆಗಳ ಬಗ್ಗೆ ಪ್ರಸಾರ ಮಾಡಿದ ಕಾರ್ಯಕ್ರಮಗಳ ತ್ರೈಮಾಸಿಕ ಪಟ್ಟಿ ಅದರಲ್ಲಿ ಇರುತ್ತವೆ. ಕೊನೆಯದನ್ನು ವಿಶೇಷವಾಗಿ ಓದಬೇಕು. ಜಾಲ ಬದಲಾದ ನಂತರದ ತ್ರೈಮಾಸಿಕದಲ್ಲಿ ಈ ಪಟ್ಟಿ ಎಷ್ಟು ತೆಳುವಾಗಿದೆ ಎಂಬುದರಿಂದ ಊರಿಗೆ ಉಳಿದಿರುವುದೆಷ್ಟು ಎಂದು ತಿಳಿಯುತ್ತದೆ.

ಬಾನುಲಿ ಪರವಾನಗಿಯ ಅವಧಿ 8 ವರ್ಷಗಳು. ನವೀಕರಣದ ಸಮಯದಲ್ಲಿ ಶ್ರೋತೃಗಳು ಆಕ್ಷೇಪಣೆ ಸಲ್ಲಿಸಬಹುದು. ಜಾಲ ಬದಲಿಸಿದ್ದೇ ಆಕ್ಷೇಪಣೆಗೆ ಆಧಾರವಾಗುವುದಿಲ್ಲ. ಊರಿಗೆ ಸಲ್ಲಿಸಬೇಕಾದ ಸೇವೆ ಸಲ್ಲಿಸಿಲ್ಲ ಎಂಬುದಕ್ಕೆ ದಾಖಲೆ ಇದ್ದರೆ ಅದನ್ನು ಲಗತ್ತಿಸಬಹುದು. ನ್ಯೂಯಾರ್ಕ್ ರಾಜ್ಯದ ಬಾನುಲಿ ಪರವಾನಗಿಗಳು 2022ರಲ್ಲಿ ನವೀಕರಣಗೊಂಡಿದ್ದು, ಅವುಗಳ ಮುಂದಿನ ಗಡುವು 2030ರ ಜೂನ್ 1.

ಭಾರತದಲ್ಲಿ ಇಂತಹ ಬದಲಾವಣೆ ಸಾಧ್ಯವೇ?

ಮೇಲೆ ವಿವರಿಸಿದ ವ್ಯವಸ್ಥೆ ನಮ್ಮ ದೇಶದಲ್ಲಿ ಇರುವುದಿಲ್ಲ. ಆಕಾಶವಾಣಿಯ ಬೆಂಗಳೂರು ಅಥವಾ ಧಾರವಾಡ ಕೇಂದ್ರವು ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮವನ್ನು ಮರುಪ್ರಸಾರ ಮಾಡುವುದು ಕರಾರಿನಿಂದಲ್ಲ; ಎಲ್ಲವೂ 1997ರಲ್ಲಿ ಅಸ್ತಿತ್ವಕ್ಕೆ ಬಂದ ಪ್ರಸಾರ ಭಾರತಿಗೆ ಸೇರಿದವು. ಖಾಸಗಿ ಎಫ್‌ಎಂ ಪ್ರಸಾರವು 2001ರ ಜುಲೈ 3ರಂದು ಬೆಂಗಳೂರಿನ ರೇಡಿಯೊ ಸಿಟಿಯೊಂದಿಗೆ ದೇಶದಲ್ಲಿ ಆರಂಭವಾಯಿತು. ಅಲ್ಲಿಂದ ಮುಂದೆ ಬಂದ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಹೆಸರೂ ಅನುಮತಿಯೂ ಒಂದೇ ಕಂಪನಿಯವು. 2011ರ ಮೂರನೇ ಹಂತದ ನೀತಿಯು ಒಬ್ಬ ಅನುಮತಿದಾರರು ತಮ್ಮದೇ ಕೇಂದ್ರಗಳ ನಡುವೆ ಕಾರ್ಯಕ್ರಮ ಹಂಚಿಕೊಳ್ಳಲು ಅವಕಾಶ ನೀಡಿತು.

ಕ್ರೀಡೆಗೆ ಸಂಬಂಧಿಸಿದಂತೆ ಅದೇ ನೀತಿಯು ಸಣ್ಣದಾದರೂ ಮುಖ್ಯವಾದ ಬಾಗಿಲೊಂದನ್ನು ತೆರೆಯಿತು. ಖಾಸಗಿ ಎಫ್‌ಎಂ ಕೇಂದ್ರಗಳು ಕ್ರೀಡಾ ಮಾಹಿತಿ ನೀಡಬಹುದು, ನೇರ ಪ್ರಸಾರ ಮಾಡುವಂತಿಲ್ಲ; ಆದರೆ ಸ್ಥಳೀಯ ಸ್ವರೂಪದ ಪಂದ್ಯಗಳ ನೇರ ವೀಕ್ಷಕ ವಿವರಣೆಗೆ ಅವಕಾಶವಿದೆ. ಊರಿನ ಕಬಡ್ಡಿ ಪಂದ್ಯಾವಳಿ ಇದರ ವ್ಯಾಪ್ತಿಗೆ ಬರಬಹುದು. ಈ ಅವಕಾಶ ಬಳಕೆಯಾಗಿರುವುದು ಕಡಿಮೆ ಎಂಬುದು ನಮ್ಮ ಅನಿಸಿಕೆ.

ಸಮುದಾಯ ಬಾನುಲಿ ಕೇಂದ್ರಕ್ಕೆ ಅರ್ಜಿ ಸಲ್ಲಿಸಲಿಚ್ಛಿಸುವ ಶಿಕ್ಷಣ ಸಂಸ್ಥೆಗಳು, ಕೃಷಿ ವಿಜ್ಞಾನ ಕೇಂದ್ರಗಳು ಮತ್ತು ನೋಂದಾಯಿತ ಸ್ವಯಂಸೇವಾ ಸಂಸ್ಥೆಗಳು, ಕಾರ್ಯಕ್ರಮಗಳಲ್ಲಿ ಕನಿಷ್ಠ ಶೇ. 50ರಷ್ಟನ್ನು ಸ್ಥಳೀಯ ಸಮುದಾಯದ ಭಾಗವಹಿಸುವಿಕೆಯಿಂದಲೇ ಸಿದ್ಧಪಡಿಸಬೇಕೆಂಬ ಷರತ್ತನ್ನು ಗಮನಿಸತಕ್ಕದ್ದು. ಆದುದರಿಂದ ಅಮೆರಿಕದ ಸಣ್ಣ ಊರಿನ ಕೇಂದ್ರದಂತೆ ದಿನವಿಡೀ ಹೊರಗಿನ ಜಾಲವನ್ನು ನೆಚ್ಚಿಕೊಳ್ಳುವ ಯೋಜನೆಯೊಂದಿಗೆ ಅರ್ಜಿ ಸಿದ್ಧಪಡಿಸಬಾರದು. ವ್ಯಕ್ತಿಗಳು, ರಾಜಕೀಯ ಪಕ್ಷಗಳು ಹಾಗೂ ಲಾಭಕ್ಕಾಗಿ ನಡೆಯುವ ಸಂಸ್ಥೆಗಳು ಅರ್ಹರಲ್ಲ. ಅನುಮತಿ ನೀಡುವ ಅಧಿಕಾರ ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಸೇರಿದ್ದು, ಜಿಲ್ಲಾ ಅಥವಾ ತಾಲ್ಲೂಕು ಕಚೇರಿಗಳಿಗೆ ಸಲ್ಲಿಸಿದ ಅರ್ಜಿಗಳಿಂದ ಅರ್ಜಿದಾರರ ಸಮಯವಷ್ಟೇ ವ್ಯರ್ಥವಾಗುತ್ತದೆ.